ಮೈಟರ್ ಗರಗಸ: ದಪ್ಪ ಗ್ಲೌಸ್ ಹಾಕಿದರೆ ಬೆರಳು ಉಳಿಯುತ್ತದೆಯೇ?

ಮರ ಕೊಯ್ಯುವ ಮೆಷಿನ್ ಮುಂದೆ ನಿಲ್ಲುವಾಗ ದಪ್ಪ ಗ್ಲೌಸ್ ಹಾಕಿಕೊಳ್ಳಿ. ಕೈ ಕುಯ್ದರೆ ಕಾಫಿ ಪುಡಿ ಒತ್ತಿ ಹಿಡಿಯಿರಿ. ಬೆರಳು ತುಂಡಾದರೆ ಐಸ್‌ನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿ. ಸಂಜೆ ಒಂದು ಚೂರು ಬೆಲ್ಲ ತಿನ್ನಿ, ಒಳಗೆ ಹೋದ ಧೂಳೆಲ್ಲ ಹೊರಗೆ ಬರುತ್ತದೆ.

ಈ ನಾಲ್ಕರಲ್ಲಿ ಒಂದಾದರೂ ಸಲಹೆ ನಿಮ್ಮ ಫೋನಿಗೋ ಕಿವಿಗೋ ಬಂದಿರುತ್ತದೆ. ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಮೊದಲನೆಯದು ಅಪಾಯವನ್ನು ಹೆಚ್ಚಿಸುತ್ತದೆ, ಎರಡನೆಯದು ಗಾಯವನ್ನು ಕೆಡಿಸುತ್ತದೆ, ಮೂರನೆಯದು ಅರ್ಧ ಸತ್ಯ, ನಾಲ್ಕನೆಯದು ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗದಿಂದ ಹಿಗ್ಗಿಸಿದ ಮಾತು. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು, ಈ ಮೆಷಿನ್ ಬಗ್ಗೆ ಕಾಫಿ ಸೀಮೆಯವರು ಯಾಕೆ ಓದಬೇಕು ಎಂಬುದನ್ನು ಹೇಳಬೇಕು.

ಮೂಡಿಗೆರೆ ತಾಲ್ಲೂಕಿನ ದೇವರಮನೆ ಎಂದರೆ ಪ್ರವಾಸಿಗರಿಗೆ ಕಾಲಭೈರವೇಶ್ವರನ ಗುಡಿ, ಮಂಜು, ಗುಡ್ಡದ ಅಂಚಿನಿಂದ ಕಾಣುವ ಘಟ್ಟದ ಸಾಲು. ಸುತ್ತಲಿನ ಊರಿನವರಿಗೆ ಅದು ಮೊದಲು ಮಳೆ. ತಿಂಗಳುಗಟ್ಟಲೆ ಸುರಿಯುವ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿಯುತ್ತದೆ, ಹೆಂಚಿನ ಕೆಳಗಿನ ರೀಪು ಕೊಳೆಯುತ್ತದೆ, ಕಾಫಿ ಗೋದಾಮಿನ ಹಲಗೆ ಸೊಟ್ಟಗಾಗುತ್ತದೆ. ಬೇಸಿಗೆ ಬಂತೆಂದರೆ ಮರಗೆಲಸ ಶುರು. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಹೋಂಸ್ಟೇಗಳೂ ಸೇರಿವೆ: ಮರದ ಡೆಕ್, ಮರದ ಕಟಕಟೆ, ಮರದ ಫ್ರೇಮಿನ ಕನ್ನಡಿ. ಹಾಗಾಗಿ ಒಂದು ಕಾಲಕ್ಕೆ ಪೇಟೆಯ ಫರ್ನಿಚರ್ ಅಂಗಡಿಯಲ್ಲಷ್ಟೇ ಇದ್ದ ಮೈಟರ್ ಗರಗಸ ಈಗ ತೋಟದ ಶೆಡ್ಡುಗಳಿಗೂ ಬಂದಿದೆ. ಆನ್‌ಲೈನ್‌ನಲ್ಲಿ ತರಿಸಿ, ಡಬ್ಬ ಬಿಚ್ಚಿ, ಯೂಟ್ಯೂಬ್ ನೋಡಿ ಅದೇ ದಿನ ಕೆಲಸ ಶುರು ಮಾಡುವವರೂ ಇದ್ದಾರೆ.

ಇನ್ನೊಂದು ಕಾರಣ ದೂರ. ದೇವರಮನೆಯಿಂದ ಮೂಡಿಗೆರೆಗೆ ಇಪ್ಪತ್ತು ಕಿ.ಮೀ. ಆಸುಪಾಸು, ಅದೂ ಘಟ್ಟದ ತಿರುವಿನ ದಾರಿ. ತುಂಡಾದ ಬೆರಳನ್ನು ಮತ್ತೆ ಜೋಡಿಸುವುದು ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ರಕ್ತನಾಳಗಳನ್ನು ಹೊಲಿಯುವ ಕೆಲಸ. ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ. ಮಂಗಳೂರು, ಮಣಿಪಾಲ ಅಥವಾ ಬೆಂಗಳೂರಿನಂಥ ಕಡೆಗೇ ಹೋಗಬೇಕಾಗುತ್ತದೆ. ಮೂಡಿಗೆರೆಯಿಂದ ಮಂಗಳೂರಿಗೆ ನೂರು ಕಿ.ಮೀ.ಗೂ ಹೆಚ್ಚು, ನಡುವೆ ಚಾರ್ಮಾಡಿ ಘಾಟಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ನಗರದ ಬಡಗಿಗೆ ಅರ್ಧ ಗಂಟೆಯ ಆಟೋ ಪ್ರಯಾಣವಾದದ್ದು ಇಲ್ಲಿನವನಿಗೆ ಅರ್ಧ ದಿನವಾಗಬಹುದು.

ಇದು ಯಾವ ಮೆಷಿನ್?

ಕೆಳಗೆ ಚಪ್ಪಟೆ ಮೇಜು, ಹಿಂದೆ ನಿಂತ ಲೋಹದ ತಡೆಪಟ್ಟಿ, ಮೇಲೆ ಹಿಡಿಕೆ ಹಿಡಿದು ಇಳಿಸುವ ದುಂಡು ಬ್ಲೇಡು. ಮೇಜನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ 45 ಡಿಗ್ರಿಯಲ್ಲಿ ಓರೆ ಕೊಯ್ಯಬಹುದು. ಎರಡು ಓರೆ ತುದಿಗಳು ಸೇರಿದರೆ ಫೋಟೋ ಫ್ರೇಮಿನ ಮೂಲೆ. ಆ ಮೂಲೆಗೇ ಇಂಗ್ಲಿಷಿನಲ್ಲಿ ಮೈಟರ್ ಎನ್ನುತ್ತಾರೆ. ಬ್ಲೇಡಿನ ತಲೆ ಹಿಂದೆ ಮುಂದೆ ಜಾರುವಂತಿದ್ದರೆ ಅದು ಸ್ಲೈಡಿಂಗ್ ಮೈಟರ್ ಗರಗಸ. ಅಗಲದ ಹಲಗೆ ಕೊಯ್ಯಲು ಅನುಕೂಲ.

ನಮ್ಮ ಕಡೆ ಇದನ್ನೂ ಕಟಿಂಗ್ ಮೆಷಿನ್ ಎನ್ನುತ್ತಾರೆ, ವೆಲ್ಡಿಂಗ್ ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವುದನ್ನೂ ಕಟಿಂಗ್ ಮೆಷಿನ್ ಎನ್ನುತ್ತಾರೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಎರಡೂ ಬೇರೆ. ಕಬ್ಬಿಣದ ಮೆಷಿನ್ನಿನ ಕವಚ ಮರದ ಬ್ಲೇಡಿಗಾಗಿ ಮಾಡಿದ್ದಲ್ಲ, ಮರದ ಮೆಷಿನ್ನಿನ ಸುತ್ತ ಬಿದ್ದಿರುವ ಹೊಟ್ಟಿಗೆ ಕಬ್ಬಿಣದ ಕಿಡಿ ತಾಗಿದರೆ ಬೆಂಕಿ. ಒಂದರ ಬ್ಲೇಡನ್ನು ಇನ್ನೊಂದಕ್ಕೆ ಹಾಕಬಾರದು.

ಈಗ ವೇಗದ ಲೆಕ್ಕ. 10 ಇಂಚಿನ, ಅಂದರೆ ಸುಮಾರು 255 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 4,800 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಒಂದು ಸುತ್ತಿಗೆ ಹಲ್ಲು ಸಾಗುವ ದೂರ 80 ಸೆಂ.ಮೀ. ಸೆಕೆಂಡಿಗೆ 80 ಸುತ್ತು. ಅಂದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ 64 ಮೀಟರ್, ಗಂಟೆಗೆ ಸುಮಾರು 230 ಕಿ.ಮೀ. ಏನೋ ತಾಗಿತು ಎಂದು ತಿಳಿದು ಕೈ ಹಿಂದೆಳೆಯಲು ಚುರುಕಾದ ಮನುಷ್ಯನಿಗೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ 60 ಹಲ್ಲಿನ ಬ್ಲೇಡು ಒಂದೇ ಜಾಗದಲ್ಲಿ 960 ಸಲ ಕೊಯ್ದಿರುತ್ತದೆ. "ಹುಷಾರಾಗಿದ್ದರೆ ಸಾಕು" ಎಂಬ ಮಾತು ಇಲ್ಲಿ ಕೆಲಸ ಮಾಡುವುದಿಲ್ಲ. ಕೈ ಆ ಜಾಗದಲ್ಲಿ ಇರಲೇಬಾರದು.

ಗ್ಲೌಸ್ ಮಾತು

ಗ್ಲೌಸ್ ಹಾಕುವುದರ ಹಿಂದಿನ ತರ್ಕ ಸುಲಭ: ಚಾಕುವಿಗೆ ಅಡ್ಡವಾಗಿ ಬಟ್ಟೆ ಇದ್ದರೆ ಚರ್ಮ ಉಳಿಯುತ್ತದೆ. ತಿರುಗುವ ಬ್ಲೇಡು ಚಾಕುವಲ್ಲ. ಅದರ ಒಂದೊಂದು ಹಲ್ಲೂ ಒಂದು ಕೊಕ್ಕೆ. ಬರಿಗೈ ತಾಗಿದರೆ ಹಲ್ಲು ಕೊಯ್ದು ಹೋಗುತ್ತದೆ. ಭೀಕರವೇ, ಆದರೆ ಕೈ ಹೊರಗೆ ಬರುವ ಅವಕಾಶ ಇರುತ್ತದೆ. ಗ್ಲೌಸಿನ ತುದಿ ತಾಗಿದರೆ ಹಲ್ಲು ನೂಲನ್ನು ಹಿಡಿಯುತ್ತದೆ, ನೂಲು ಬಟ್ಟೆಯನ್ನು ಎಳೆಯುತ್ತದೆ, ಬಟ್ಟೆಯ ಒಳಗಿರುವ ಕೈ ಹಿಂದೆಯೇ ಹೋಗುತ್ತದೆ. ತುದಿ ಬೆರಳಿನ ಗಾಯವಾಗಬೇಕಿದ್ದದ್ದು ಅಂಗೈಗೆ ಬರುವುದು ಹೀಗೆ. ಮೈಟರ್ ಗರಗಸ ಕಂಪನಿಗಳ ಕೈಪಿಡಿಗಳಲ್ಲಿ ಸಡಿಲ ಬಟ್ಟೆ, ಆಭರಣದ ಜೊತೆಗೆ ಗ್ಲೌಸನ್ನೂ ಬೇಡ ಎನ್ನುವುದು ಸಾಮಾನ್ಯ.

ಕಟ್ ಪ್ರೂಫ್ ಎಂದು ಮಾರುವ ಗ್ಲೌಸ್ ಕೂಡ ಇದಕ್ಕಲ್ಲ. ಅವುಗಳ ಮೇಲಿನ ದರ್ಜೆ ಗಾಜು, ತಗಡು, ಕೈಚಾಕು ಹಿಡಿಯುವವರಿಗಾಗಿ. ಮೋಟರಿನಿಂದ ತಿರುಗುವ ಹಲ್ಲಿನ ಎದುರು ಆ ದರ್ಜೆಗೆ ಅರ್ಥವಿಲ್ಲ. ಗ್ಲೌಸಿಗೆ ಒಂದೇ ಜಾಗವಿದೆ: ಪ್ಲಗ್ ಕಿತ್ತು, ಬ್ಲೇಡು ಬಿಚ್ಚಿ ಬದಲಿಸುವಾಗ. ಆಗ ಖಂಡಿತ ಹಾಕಿ.

ಇದೇ ತರ್ಕ ಇನ್ನೂ ಕೆಲವಕ್ಕೆ ಅನ್ವಯಿಸುತ್ತದೆ. ಹೆಗಲ ಮೇಲಿನ ಟವೆಲ್, ತುದಿ ಬಿಟ್ಟ ಪಂಚೆ, ದುಪಟ್ಟ, ಉದ್ದ ತೋಳಿನ ಸ್ವೆಟರ್. ದೇವರಮನೆಯ ಚಳಿಗೆ ಸ್ವೆಟರ್ ಬೇಕು, ನಿಜ. ತೋಳನ್ನು ಮೊಣಕೈವರೆಗೆ ಬಿಗಿಯಾಗಿ ಮಡಚಿ. ಉಂಗುರ ತೆಗೆಯಿರಿ. ಮಣಿಕಟ್ಟಿಗೆ ಕಟ್ಟಿದ ದೇವಸ್ಥಾನದ ದಾರ ಬಿಚ್ಚಲು ಮನಸ್ಸಿಲ್ಲದವರು ಅದರ ನೇತಾಡುವ ತುದಿಯನ್ನಾದರೂ ಕತ್ತರಿಸಿ, ಉಳಿದದ್ದನ್ನು ಬಿಗಿ ಮಾಡಿ, ಮೇಲೊಂದು ಬ್ಯಾಂಡೇಜ್ ಸುತ್ತಿ. ನೇತಾಡುವ ಎರಡು ಇಂಚು ನೂಲು ಸಾಕು.

ಕೈ ಬ್ಲೇಡಿನ ಹತ್ತಿರ ಹೋಗುವುದು ಹೇಗೆ?

ಇದು ಈ ಲೇಖನದ ಮುಖ್ಯ ಭಾಗ. ಕೈಯನ್ನು ಬೇಕೆಂದು ಬ್ಲೇಡಿನ ಕೆಳಗೆ ಯಾರೂ ಇಡುವುದಿಲ್ಲ. ಬಹಳ ಸಲ ಕೈ ಹೋಗುವುದಿಲ್ಲ, ಮರ ಕೈಯನ್ನು ಕರೆದುಕೊಂಡು ಹೋಗುತ್ತದೆ.

ಮೈಟರ್ ಗರಗಸದಲ್ಲಿ ಬ್ಲೇಡಿನ ಕೆಳಭಾಗದ ಹಲ್ಲುಗಳು ನಿಮ್ಮಿಂದ ಆಚೆಗೆ, ಹಿಂದಿನ ತಡೆಪಟ್ಟಿಯ ಕಡೆಗೆ ಓಡುತ್ತವೆ. ಅಂದರೆ ಬ್ಲೇಡು ಮರವನ್ನು ಸದಾ ತಡೆಪಟ್ಟಿಗೆ ಒತ್ತುತ್ತಿರುತ್ತದೆ. ಮರ ಆಗಲೇ ಪಟ್ಟಿಗೆ ಅಂಟಿಕೊಂಡು ಕೂತಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ, ಕೊಯ್ತ ಶಾಂತವಾಗಿ ನಡೆಯುತ್ತದೆ. ಮರಕ್ಕೂ ಪಟ್ಟಿಗೂ ನಡುವೆ ಒಂದು ಬೆರಳಿನಷ್ಟು ಸಂದು ಇದ್ದರೂ ಬ್ಲೇಡು ಮರವನ್ನು ಕಿತ್ತು ಆ ಸಂದಿಗೆ ಬಡಿಯುತ್ತದೆ. ಮರ ತಿರುಚುತ್ತದೆ. ಅದನ್ನು ಹಿಡಿದ ಕೈ ಅದರೊಂದಿಗೆ ಬ್ಲೇಡಿನ ಕಡೆಗೆ ಹೊರಳುತ್ತದೆ. ಇದಕ್ಕೆ ಬಲವಾಗಿ ಹಿಡಿಯುವುದು ಪರಿಹಾರವಲ್ಲ. ಬಲವಾಗಿ ಹಿಡಿದಷ್ಟೂ ಕೈ ಮರದ ಜೊತೆಗೇ ಹೋಗುತ್ತದೆ.

ಮಲೆನಾಡಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಇಲ್ಲಿ ನೇರವಾದ ಹಲಗೆ ಅಪರೂಪ. ಕಾಫಿ ತೋಟದ ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟ ಸಿಲ್ವರ್ ಓಕ್ ಕಡಿದು, ಸರಿಯಾಗಿ ಒಣಗುವ ಮೊದಲೇ ಹಲಗೆ ಮಾಡಿರುತ್ತಾರೆ. ಮಳೆಯಲ್ಲಿ ಉಬ್ಬಿ, ಬಿಸಿಲಲ್ಲಿ ಕುಗ್ಗಿ ಅದು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಹಲಗೆಯನ್ನು ಕೊಯ್ಯಲೇಬೇಕಾದರೆ ಅದರ ಉಬ್ಬಿದ ಬೆನ್ನು ತಡೆಪಟ್ಟಿಗೆ ತಾಗುವಂತೆ ಇಡಿ. ಆಗ ಕೊಯ್ಯುವ ಗೆರೆಯ ಹಿಂದೆ ಸಂದು ಇರುವುದಿಲ್ಲ, ಕೊಯ್ದಂತೆ ಸೀಳು ತುಸು ತೆರೆಯುತ್ತದೆ. ತಿರುಗಿಸಿ ಇಟ್ಟರೆ ಎರಡು ತುಂಡೂ ಒಳಕ್ಕೆ ಕುಸಿದು ಬ್ಲೇಡನ್ನು ಇಕ್ಕಳದಂತೆ ಹಿಡಿಯುತ್ತವೆ. ಹಸಿ ಮರದ ಸೀಳೂ ಹೀಗೇ ಮುಚ್ಚಿಕೊಳ್ಳಬಹುದು. ಬೇಲಿ ತಂತಿ ಕಟ್ಟಲು ಹಿಂದೆಂದೋ ಬಡಿದ ಮೊಳೆ ತೋಟದ ಮರದೊಳಗೆ ಅಡಗಿರುತ್ತದೆ ಎಂಬುದನ್ನೂ ಮರೆಯಬೇಡಿ. ಹಳೇ ಮನೆಯ ತೊಲೆ, ರೀಪು ಕೊಯ್ಯುವವರಂತೂ ಮೊದಲು ಒಂದು ಅಯಸ್ಕಾಂತ ಆಡಿಸಿ ನೋಡುವುದು ಒಳ್ಳೆಯದು.

ಎಷ್ಟು ದೂರದಲ್ಲಿ ಕೈ ಇರಬೇಕು? ಬ್ಲೇಡಿನ ಎರಡೂ ಬದಿಗೆ 6 ಇಂಚು, ಸುಮಾರು 15 ಸೆಂ.ಮೀ. ಇದಕ್ಕೆ ಅಳತೆ ಪಟ್ಟಿ ಬೇಡ: ಹೆಬ್ಬೆರಳು ತೋರುಬೆರಳನ್ನು ಅಗಲಿಸಿದರೆ ಆಗುವಷ್ಟು. ಮೇಜಿನ ಮೇಲೆ ಆ ಜಾಗಕ್ಕೆ ಕೆಂಪು ಬಣ್ಣ ಹಚ್ಚಿಬಿಡಿ. ಕೆಲವು ಮೆಷಿನ್‌ಗಳಲ್ಲಿ ಕಂಪನಿಯೇ ಗೆರೆ ಎಳೆದಿರುತ್ತದೆ. ಕೊಯ್ಯುವ ತುಂಡು ಚಿಕ್ಕದಾಗಿ ಕೈ ಆ ಕೆಂಪಿಗೆ ಬರಬೇಕಾದರೆ ಆ ತುಂಡನ್ನು ಕೈಯಲ್ಲಿ ಹಿಡಿದು ಕೊಯ್ಯುವ ಹಾಗಿಲ್ಲ ಎಂದೇ ಅರ್ಥ. ಡಬ್ಬದಲ್ಲಿ ಒಂದು ಕ್ಲಾಂಪ್ ಬಂದಿರುತ್ತದೆ. ಅನೇಕ ಶೆಡ್ಡುಗಳಲ್ಲಿ ಅದು ಡಬ್ಬದಲ್ಲೇ ಇರುತ್ತದೆ, ಹೊಸದಾಗಿ! ಅದನ್ನು ಹಾಕಿ. ಇಲ್ಲವೇ ಉದ್ದದ ಮರದಿಂದಲೇ ಚಿಕ್ಕ ತುಂಡನ್ನು ಕೊಯ್ದು ಬೀಳಿಸಿ, ಕೈ ಉದ್ದದ ಕಡೆ ಇರಲಿ. ಬಾಗಿಲ ಸಂದಿಗೆ ಹೊಡೆಯುವ ಬೆಣೆ, ಫ್ರೇಮಿನ ಬೀಡಿಂಗ್ ಪಟ್ಟಿ, ಇಂಥ ಪುಟ್ಟ ಕೆಲಸಗಳಲ್ಲೇ ಕೈ ಹತ್ತಿರ ಹೋಗುವ ಆಸೆ ಹೆಚ್ಚು.

ಎಡಗೈಯಲ್ಲಿ ಬಲಬದಿಯ ಮರ ಹಿಡಿಯುವಂತೆ ಕೈಗಳನ್ನು ಅಡ್ಡ ಹಾಯಿಸಬೇಡಿ. ದುಂಡು ಕೋಲು ಬ್ಲೇಡು ತಾಗಿದೊಡನೆ ಉರುಳುತ್ತದೆ. ಅದಕ್ಕೆ ವಿ ಆಕಾರದ ಗಾಡಿಯುಳ್ಳ ಮರದ ದಿಮ್ಮಿಯ ಮೇಲೆ ಕೂರಿಸಿ ಕ್ಲಾಂಪ್ ಮಾಡಿ. ಉದ್ದದ ರೀಪಿನ ಇನ್ನೊಂದು ತುದಿಯನ್ನು ಹಿಡಿಯಲು ಹುಡುಗನನ್ನು ನಿಲ್ಲಿಸುವ ಪದ್ಧತಿ ಇದೆ. ಅವನು ಸ್ವಲ್ಪ ಎತ್ತಿದರೂ ಸೀಳು ಮುಚ್ಚಿ ಬ್ಲೇಡು ಸಿಕ್ಕಿಕೊಳ್ಳುತ್ತದೆ. ಮನುಷ್ಯನ ಬದಲು ಮೇಜಿನ ಮಟ್ಟಕ್ಕೆ ಸರಿಯಾದ ಒಂದು ಸ್ಟ್ಯಾಂಡ್ ಮಾಡಿಡಿ.

ಸ್ಲೈಡಿಂಗ್ ಮೆಷಿನ್ನಿನಲ್ಲಿ ಒಂದು ವಿಶೇಷ ತಪ್ಪು ಇದೆ. ಕೈಗರಗಸ ಎಳೆದ ಅಭ್ಯಾಸದಿಂದ ಬ್ಲೇಡನ್ನು ಇಳಿಸಿ ತಮ್ಮ ಕಡೆಗೆ ಎಳೆಯುತ್ತಾರೆ. ಹಾಗೆ ಎಳೆದರೆ ಬ್ಲೇಡು ಮರದ ಮೇಲೆ ಹತ್ತಿ, ಇಡೀ ತಲೆ ನಿಮ್ಮ ಎದೆಯ ಕಡೆಗೆ ನುಗ್ಗಬಹುದು. ಸರಿಯಾದ ಕ್ರಮ: ಮೋಟರ್ ಆಫ್ ಇರುವಾಗ ತಲೆಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಸ್ವಿಚ್ ಒತ್ತಿ, ಪೂರ್ತಿ ವೇಗ ಬಂದ ಮೇಲೆ ಕೆಳಗಿಳಿಸಿ, ಆಮೇಲೆ ಆಚೆಗೆ ತಳ್ಳಿ ಕೊಯ್ಯಿರಿ.

ಕೊಯ್ದು ಮುಗಿದ ಮೇಲಿನ ಕೆಲವು ಸೆಕೆಂಡುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಿಚ್ ಬಿಟ್ಟರೂ ಬ್ರೇಕ್ ಇಲ್ಲದ ಮೆಷಿನ್ನಿನಲ್ಲಿ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಸದ್ದು ಇಳಿದಿದ್ದರಿಂದ ನಿಂತಿತು ಅನ್ನಿಸುತ್ತದೆ. ಅಷ್ಟರಲ್ಲಿ ತಲೆ ಎತ್ತಿದರೆ ಬಿಡಿ ತುಂಡು ಹಲ್ಲಿಗೆ ಸಿಕ್ಕಿ ಹಾರುತ್ತದೆ, ಅದನ್ನು ಹೆಕ್ಕಲು ಕೈ ಹಾಕಿದರೆ ಇನ್ನೂ ಕೆಟ್ಟದ್ದು. ಸ್ವಿಚ್ ಬಿಡಿ, ತಲೆಯನ್ನು ಕೆಳಗೇ ಹಿಡಿದಿರಿ, ಪೂರ್ತಿ ನಿಂತ ಮೇಲೆ ಎತ್ತಿ. ಕನ್ನಡಕ ಕಣ್ಣಿಗೆ ಇರಲೇಬೇಕು, ಹಣೆಯ ಮೇಲಲ್ಲ.

"ಕವಚ ತೆಗೆದರೆ ಗೆರೆ ಚೆನ್ನಾಗಿ ಕಾಣುತ್ತದೆ"

ನಿಜ, ಕಾಣುತ್ತದೆ. ಬ್ಲೇಡಿನ ಕೆಳಗಿನ ಜಾರುವ ಕವಚವನ್ನು ತಂತಿಯಿಂದ ಮೇಲಕ್ಕೆ ಕಟ್ಟುವವರ ಸಮಸ್ಯೆ ಸುಳ್ಳಲ್ಲ, ಹೊಟ್ಟು ಹಿಡಿದ ಪ್ಲಾಸ್ಟಿಕ್ಕಿನ ಆಚೆ ಪೆನ್ಸಿಲ್ ಗೆರೆ ಮಸುಕು. ಆದರೆ ಆ ಕವಚದ ಕೆಲಸ ಕೊಯ್ಯುವಾಗಲ್ಲ, ತಲೆ ಮೇಲೆದ್ದು ಬ್ಲೇಡು ಇನ್ನೂ ತಿರುಗುತ್ತಿರುವಾಗ. ನೀವು ಮುಂದಿನ ತುಂಡಿಗೆ ಕೈಚಾಚುವ ಹೊತ್ತಿಗೆ. ಪ್ಲಗ್ ಕಿತ್ತು ಕವಚ ಒರೆಸಿ. ಗೆರೆ ನೋಡಲು ಮೋಟರ್ ಆಫ್ ಇಟ್ಟು ತಲೆಯನ್ನು ಮರದವರೆಗೆ ಇಳಿಸಿ ಹಲ್ಲು ಎಲ್ಲಿ ಕೂರುತ್ತದೆ ನೋಡಿ, ಆಮೇಲೆ ಎತ್ತಿ ಆನ್ ಮಾಡಿ. ಎರಡು ಸೆಕೆಂಡಿನ ಕೆಲಸ.

ಸಾಸೇಜ್ ತಾಗಿದೊಡನೆ ನಿಲ್ಲುವ ಗರಗಸದ ವಿಡಿಯೋ ನೀವೂ ನೋಡಿರುತ್ತೀರಿ. ಅದು ಸುಳ್ಳಲ್ಲ. ಅಮೆರಿಕದ ಸ್ಟೀಫನ್ ಗ್ಯಾಸ್ ರೂಪಿಸಿದ ಸಾಸ್ಟಾಪ್ ಎಂಬ ವ್ಯವಸ್ಥೆ ಅದು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮೈ ತಾಗಿದಾಗ ಅದು ಬದಲಾಗಿ, ಒಂದು ಅಲ್ಯೂಮಿನಿಯಂ ಗಟ್ಟಿ ಬ್ಲೇಡಿಗೆ ನುಗ್ಗಿ ಕೆಲವೇ ಸಾವಿರಾಂಶ ಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಆದರೆ ವಿಡಿಯೋದಲ್ಲಿರುವುದು ಟೇಬಲ್ ಗರಗಸ. ನಮ್ಮ ಅಂಗಡಿಗಳಲ್ಲಿ ಸಿಗುವ ಮೈಟರ್ ಗರಗಸಗಳಲ್ಲಿ ಅದು ಇಲ್ಲ. "ಈಗಿನ ಮೆಷಿನ್‌ಗಳು ತಾವೇ ನಿಲ್ಲುತ್ತವೆ" ಎಂಬ ಸಾಲು ಸೇರಿಸಿ ಆ ವಿಡಿಯೋ ಕಳಿಸುವವರು ಯಾರದ್ದೋ ಬೆರಳಿನ ಜೊತೆ ಆಡುತ್ತಿದ್ದಾರೆ.

ಇನ್ನೊಂದು ಹೇಳಲೇಬೇಕು. ಮೈಟರ್ ಗರಗಸಕ್ಕೆ ದುಡ್ಡಿಲ್ಲ ಎಂದು 4 ಇಂಚಿನ ಆ್ಯಂಗಲ್ ಗ್ರೈಂಡರಿಗೆ ಮರದ ಬ್ಲೇಡು ಹಾಕುವುದು ನಮ್ಮಲ್ಲಿ ಬಹಳ. ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ತಡೆಪಟ್ಟಿ ಇಲ್ಲ, ಮೇಜು ಇಲ್ಲ, ಬ್ಲೇಡಿಗಾಗಿ ಅದರದೇ ಗಾರ್ಡನ್ನೂ ಬಿಚ್ಚಿರುತ್ತಾರೆ. ಹಲ್ಲು ಮರಕ್ಕೆ ಸಿಕ್ಕಿಕೊಂಡರೆ ಇಡೀ ಗ್ರೈಂಡರ್ ಮುಖಕ್ಕೋ ತೊಡೆಗೋ ಚಿಮ್ಮುತ್ತದೆ. ಈ ಲೇಖನದಲ್ಲಿ ಹೇಳಿದ ಎಲ್ಲಕ್ಕಿಂತ ಅಪಾಯದ್ದು ಇದೇ ಎಂದು ನನ್ನ ಅಭಿಪ್ರಾಯ. ಒಂದು ಸಾದಾ ಕೈಗರಗಸ ಇದಕ್ಕಿಂತ ಎಷ್ಟೋ ಮೇಲು.

ಮೈಟರ್ ಗರಗಸಕ್ಕೂ ಬ್ಲೇಡು ಕೊಳ್ಳುವಾಗ ಅದರ ಮೇಲೆ ಮುದ್ರಿಸಿದ ಗರಿಷ್ಠ ವೇಗ ಮೆಷಿನ್ನಿನ ವೇಗಕ್ಕಿಂತ ಹೆಚ್ಚಿರಬೇಕು. ನಡುವಿನ ತೂತು 25.4 ಮಿ.ಮೀ. ಮತ್ತು 30 ಮಿ.ಮೀ. ಎರಡರಲ್ಲೂ ಬರುತ್ತದೆ, ಸಡಿಲ ಕೂತದ್ದನ್ನು ತಗಡು ಸುತ್ತಿ ಬಿಗಿ ಮಾಡುವ ಜಾಣತನ ಬೇಡ.

ಕರೆಂಟ್ ಮತ್ತು ಮಳೆ

1,650 ವ್ಯಾಟಿನ ಮೆಷಿನ್ 230 ವೋಲ್ಟಿನಲ್ಲಿ 7 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮನೆಯ ಗೋಡೆಯ ಚಿಕ್ಕ ಸಾಕೆಟ್ 6 ಆಂಪಿಯರಿನದು. ಗೀಸರಿಗೆ ಹಾಕುವಂಥ 16 ಆಂಪಿಯರಿನ ಸಾಕೆಟ್ ಬೇಕು. ಮನೆಯಿಂದ ಶೆಡ್ಡಿನವರೆಗೆ ಎಳೆದ ತೆಳು ವೈರಿನಲ್ಲಿ ವೋಲ್ಟೇಜ್ ಇನ್ನಷ್ಟು ಇಳಿದು, ಮೋಟರ್ ನರಳಿ, ಬ್ಲೇಡು ನಡುವಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಹೊಸದೇನಲ್ಲ. ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಲಾಕ್ ಆಗಿ ಉಳಿದ ಮೆಷಿನ್ ಕರೆಂಟ್ ಬಂದ ಕ್ಷಣ ತಾನೇ ಶುರುವಾಗುತ್ತದೆ, ಆಗ ನಿಮ್ಮ ಕೈ ಎಲ್ಲಿರುತ್ತದೋ ಗೊತ್ತಿಲ್ಲ. ಒದ್ದೆ ನೆಲದ ಶೆಡ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ಮೆಷಿನ್ ಕೊಂಡ ದಿನವೇ ಆಗಬೇಕಾದ ಕೆಲಸ.

ಬೆಲ್ಲ ತಿಂದರೆ ಧೂಳು ಹೊರಗೆ ಬರುತ್ತದೆಯೇ?

ಈ ನಂಬಿಕೆಗೆ ಒಂದು ಮೂಲವಿದೆ. ಲಖನೌದ ವಿಜ್ಞಾನಿಗಳು ಇಲಿಗಳ ಶ್ವಾಸಕೋಶಕ್ಕೆ ಕಲ್ಲಿದ್ದಲು ಮತ್ತು ಸಿಲಿಕಾ ಧೂಳು ಹಾಕಿ, ಬೆಲ್ಲ ಕೊಟ್ಟು ನೋಡಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಲ್ಲ ತಿಂದ ಇಲಿಗಳಲ್ಲಿ ಧೂಳು ಶ್ವಾಸಕೋಶದಿಂದ ಪಕ್ಕದ ದುಗ್ಧಗ್ರಂಥಿಗಳಿಗೆ ಹೆಚ್ಚು ಸಾಗಿತ್ತು. ಗಮನಿಸಿ: ಇಲಿ, ಕಲ್ಲಿದ್ದಲು, ದುಗ್ಧಗ್ರಂಥಿ. ಮನುಷ್ಯರಲ್ಲ, ಮರದ ಧೂಳಲ್ಲ, ಮೈಯಿಂದ ಹೊರಗೂ ಅಲ್ಲ. ಬೆಲ್ಲ ರುಚಿಗೆ ತಿನ್ನಿ. ಮಾಸ್ಕಿನ ಬದಲು ಬೇಡ.

ಮರದ ಧೂಳು ಸಣ್ಣ ವಿಷಯವಲ್ಲ. ಇಂಗ್ಲೆಂಡಿನ ಹೈ ವಿಕಂಬ್ ಪಟ್ಟಣದ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಒಳಭಾಗದ ಅಪರೂಪದ ಕ್ಯಾನ್ಸರ್ ಹೆಚ್ಚಿರುವುದನ್ನು 1960ರ ದಶಕದಲ್ಲೇ ವೈದ್ಯರು ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವರ್ಷಗಟ್ಟಲೆ ದಿನವೂ ಧೂಳಲ್ಲಿ ನಿಲ್ಲುವವರ ಮಾತು ಇದು, ಒಂದು ಬಾಗಿಲು ಕೊಯ್ದವರು ಹೆದರಬೇಕಿಲ್ಲ. ಸಿಲ್ವರ್ ಓಕ್ ಮತ್ತು ಬೀಟೆಯ ಪುಡಿಗೆ ಕೆಲವರ ಚರ್ಮ ತುರಿಸಿ ಕೆಂಪಾಗುವುದೂ ಉಂಟು. ಮೂಗಿಗೆ ಕಟ್ಟಿದ ಟವೆಲ್ ದಪ್ಪ ಹೊಟ್ಟನ್ನಷ್ಟೇ ತಡೆಯುತ್ತದೆ. ಒಳಗಿಳಿಯುವ ಸಣ್ಣ ಪುಡಿಗೆ ಎನ್95 ಮಾಸ್ಕ್ ಬೇಕು. ಕಿವಿಗೆ ಹತ್ತಿ ತುರುಕುವುದೂ ಹೀಗೇ, ಹೆಚ್ಚು ಉಪಯೋಗವಿಲ್ಲ. ಈ ಮೆಷಿನ್ನಿನ ಸದ್ದು 100 ಡೆಸಿಬಲ್ ಆಸುಪಾಸು ಹೋಗುತ್ತದೆ, ಅಷ್ಟು ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಇರಬಾರದು ಎನ್ನುತ್ತದೆ ಅಮೆರಿಕದ ನಯಾಶ್ ಸಂಸ್ಥೆ. ಫೋಮ್ ಇಯರ್‌ಪ್ಲಗ್ ತೀರಾ ಅಗ್ಗ.

ಗಾಯಕ್ಕೆ ಕಾಫಿ ಪುಡಿ

ಕಾಫಿ ಸೀಮೆಯಲ್ಲಿ ಕಾಫಿ ಪುಡಿ ಕೈಗೆಟುಕುವಂತೆ ಇರುವುದರಿಂದ ಈ ಮದ್ದು ಬಲವಾಗಿ ಬೇರೂರಿದೆ. ಪುಡಿ ಒತ್ತಿದಾಗ ರಕ್ತ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ನಿಲ್ಲಿಸಿದ್ದು ಹೆಚ್ಚಾಗಿ ಒತ್ತಿದ ಬೆರಳು, ಅದೇ ಒತ್ತಡವನ್ನು ಶುದ್ಧ ಬಟ್ಟೆಯಿಂದ ಕೊಟ್ಟರೂ ನಿಲ್ಲುತ್ತದೆ. ಕತ್ತಿ ಗೀರಿದ ಸಣ್ಣ ಗಾಯದಲ್ಲಿ ಪುಡಿ ಹಾಕಿಯೂ ವಾಸಿಯಾಗುತ್ತದೆ, ಅದರಿಂದಲೇ ನಂಬಿಕೆ ಉಳಿದಿದೆ. ಗರಗಸದ ಗಾಯ ಬೇರೆ. ಅದು ನೇರ ಸೀಳಲ್ಲ, ಹಲ್ಲಿನ ಅಗಲದಷ್ಟು ಮಾಂಸವನ್ನು ಚಿಂದಿ ಮಾಡಿದ ಕಾಲುವೆ. ಅದರೊಳಗೆ ಹೋದ ಒಂದೊಂದು ಕಾಫಿ ಕಣವನ್ನೂ ವೈದ್ಯರು ಹುಡುಕಿ ತೊಳೆದು ತೆಗೆಯಬೇಕು, ಉಳಿದದ್ದು ಕೀವಿಗೆ ದಾರಿ. ನರ ತುಂಡಾಗಿದೆಯೇ ಎಂದು ನೋಡಲೂ ಕಪ್ಪು ಪುಡಿ ಬಿಡುವುದಿಲ್ಲ. ಅರಿಶಿನ, ಸುಣ್ಣ, ಹೊಗೆಸೊಪ್ಪು, ಕಮ್ಯುನಿಸ್ಟ್ ಗಿಡದ ಸೊಪ್ಪಿನ ರಸ, ಎಲ್ಲಕ್ಕೂ ಇದೇ ಮಾತು.

ಶುದ್ಧ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ. ಹತ್ತು ನಿಮಿಷ ಬಿಡದೆ ಒತ್ತಬೇಕು. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಕಟ್ಟಿಕೊಂಡ ಹೆಪ್ಪು ಕಿತ್ತು ಮತ್ತೆ ಶುರು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು. ಉಂಗುರ ಇದ್ದರೆ ಊದುವ ಮೊದಲೇ ತೆಗೆಯಿರಿ. ಗಾಯ ಹೊಲಿಸುವಾಗ ಧನುರ್ವಾಯು ಲಸಿಕೆ ಕೊನೆಗೆ ಯಾವಾಗ ಹಾಕಿಸಿದ್ದು ಎಂದು ವೈದ್ಯರಿಗೆ ಹೇಳಿ. ಕೊಳೆಯಾದ ಗಾಯಕ್ಕೆ, ಐದು ವರ್ಷ ದಾಟಿದ್ದರೆ, ಮತ್ತೆ ಬೇಕಾಗುತ್ತದೆ.

ಬೆರಳು ತುಂಡಾದರೆ

ತಣ್ಣಗೆ ಇಡಬೇಕು ಎಂಬುದು ಸರಿ. ಐಸಿಗೆ ನೇರ ತಾಗಿಸಬಾರದು ಎಂಬುದು ಫಾರ್ವರ್ಡಿನಲ್ಲಿ ಬಿಟ್ಟುಹೋಗುವ ಭಾಗ. ಐಸ್ ತಾಗಿದ ಜಾಗದ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ, ಹಾಗಾದ ರಕ್ತನಾಳವನ್ನು ಹೊಲಿದು ಪ್ರಯೋಜನವಿಲ್ಲ. ನೀರಿನಲ್ಲೋ ಹಾಲಿನಲ್ಲೋ ಮುಳುಗಿಸಿದರೂ ಊದಿ ಹಾಳಾಗುತ್ತದೆ. ತುಂಡನ್ನು ಉಜ್ಜಬೇಡಿ. ಶುದ್ಧ ನೀರಿನಲ್ಲಿ ನೆನೆಸಿ ಹಿಂಡಿದ ಗಾಜ್ ಅಥವಾ ಬಟ್ಟೆಯಲ್ಲಿ ಸುತ್ತಿ. ಅದನ್ನು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ಮತ್ತು ನೀರು ಬೆರೆಸಿದ ಇನ್ನೊಂದು ಚೀಲದಲ್ಲೋ ಫ್ಲಾಸ್ಕಿನಲ್ಲೋ ಇಡಿ. ಐಸ್ ಇಲ್ಲವೇ? ತಣ್ಣೀರಿನ ಮೇಲಾದರೂ ಇಡಿ, ಐಸ್ ಹುಡುಕುತ್ತ ಹೊತ್ತು ಕಳೆಯಬೇಡಿ.

ಬೆರಳಲ್ಲಿ ಮಾಂಸಖಂಡ ಇಲ್ಲದ್ದರಿಂದ ಅದು ಕೈಗಿಂತ ಹೆಚ್ಚು ಹೊತ್ತು ತಾಳುತ್ತದೆ. ಶಸ್ತ್ರವೈದ್ಯರು ಸಾಮಾನ್ಯವಾಗಿ ಹಿಡಿಯುವ ಮಿತಿ, ಹಾಗೇ ಬಿಟ್ಟರೆ ಸುಮಾರು 12 ಗಂಟೆ, ಸರಿಯಾಗಿ ತಣ್ಣಗಿಟ್ಟರೆ 24 ಗಂಟೆ. ಮಣಿಕಟ್ಟಿನ ಮೇಲೆ ತುಂಡಾಗಿದ್ದರೆ ಅದರ ಅರ್ಧ. ದೇವರಮನೆಯಿಂದ ಮಂಗಳೂರಿಗೆ, ಚಾರ್ಮಾಡಿ ಮುಚ್ಚಿದ್ದರೆ ಸುತ್ತು ಹಾಕಿಯಾದರೂ, ಈ ಮಿತಿಯೊಳಗೆ ತಲುಪಬಹುದು. ಎಲ್ಲ ಬೆರಳನ್ನೂ ಜೋಡಿಸಲಾಗುವುದಿಲ್ಲ, ಚಿಂದಿಯಾದದ್ದನ್ನಂತೂ ಕಷ್ಟ. ಆ ತೀರ್ಮಾನವನ್ನು ಸರ್ಜನ್ ಮಾಡಲಿ, ತುಂಡನ್ನು ಮಾತ್ರ ಒಯ್ಯಿರಿ. ಬೆರಳು ಚರ್ಮದಲ್ಲಿ ನೇತಾಡುತ್ತಿದ್ದರೆ ಕೀಳಬೇಡಿ, ಇದ್ದ ಹಾಗೇ ಒಂದು ಪಟ್ಟಿಗೆ ಸೇರಿಸಿ ಕಟ್ಟಿ.

ಗಾಯವಾದವರನ್ನು ಕೂರಿಸಿ ಬಿಸಿ ಕಾಫಿ ಕೊಡುವುದು ನಮ್ಮ ಕಡೆಯ ಮೊದಲ ಉಪಚಾರ. ಈ ಒಂದು ಸಲ ಬೇಡ, ನೀರೂ ಬೇಡ. ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು. ಬೀಡಿಯೂ ಬೇಡ, ಹೊಗೆ ರಕ್ತನಾಳಗಳನ್ನು ಕುಗ್ಗಿಸುತ್ತದೆ. 108ಕ್ಕೆ ಕರೆ ಮಾಡಿ. ರಕ್ತ ನಿಲ್ಲದಿದ್ದರೆ ಮೊದಲು ಮೂಡಿಗೆರೆ. ದಾರಿಯಲ್ಲಿರುವಾಗಲೇ ಇನ್ನೊಬ್ಬರು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಬೆರಳು ಮರುಜೋಡಿಸುವ ಸರ್ಜನ್ ಈಗ ಇದ್ದಾರೆಯೇ? ಅಂಥ ಎರಡು ಆಸ್ಪತ್ರೆಗಳ ನಂಬರನ್ನು ಇವತ್ತೇ ವಿಚಾರಿಸಿ, ಗರಗಸದ ಮೇಲಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಗುಡ್ಡದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂಬುದನ್ನೂ ಅದರ ಕೆಳಗೆ ಬರೆಯಿರಿ.